‘ಶಾಮೀಲಾಗಿ ಮೋಸ ಮಾಡಿದರು’ ಅಂತ ಸಿವಿಲ್ ದಾವೆ ಹಾಕುವ ಮುನ್ನ: ವಾದಪತ್ರ ಮೊದಲ ಹಂತದಲ್ಲೇ ಬೀಳದಂತೆ ಬರೆಯುವುದು ಹೇಗೆ?

ನಮ್ಮ ಸೋದರತ್ತೆಗೆ ತವರಿನಿಂದ ಎರಡು ಎಕರೆ ಜಮೀನು ಬಂದಿತ್ತು. ಖಾತೆ ಮಾಡಿಸಿಕೊಡ್ತೀವಿ ಅಂತ ಸಂಬಂಧಿಕರೊಬ್ಬರು ಅವರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿದರು. ಅದು ಜಿಪಿಎ, ಅಂದರೆ ಅವರ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ. ಕೆಲವೇ ದಿನಗಳಲ್ಲಿ ಜಮೀನು ಇನ್ನೊಬ್ಬರ ಹೆಸರಿಗೆ ಕ್ರಯವಾಗಿತ್ತು. ವಿಷಯ ಗೊತ್ತಾದ ಮೇಲೆ ಅತ್ತೆ ಕೋರ್ಟಿಗೆ ಹೋದರು. ಅವರ ವಾದಪತ್ರದಲ್ಲಿ, ಅಂದರೆ ದಾವೆ ಹಾಕುವಾಗ ಕೋರ್ಟಿಗೆ ಕೊಡುವ ಬರಹದಲ್ಲಿ, ‘ಪ್ರತಿವಾದಿಗಳು ಪರಸ್ಪರ ಶಾಮೀಲಾಗಿ’ ಅನ್ನುವ ಮಾತು 11 ಸಲ ಇತ್ತು. ನಾನೇ ಎಣಿಸಿದ್ದೆ. ಆದರೆ ಯಾರು, ಯಾರ ಜೊತೆ, ಯಾವತ್ತು, ಏನು ಮಾಡಿದರು ಅನ್ನುವುದು ಒಂದು ಸಲವೂ ಇರಲಿಲ್ಲ. ತನಗೆ ವಿಷಯ ಗೊತ್ತಾದದ್ದು ಯಾವಾಗ ಅನ್ನುವುದೂ ಇರಲಿಲ್ಲ. ಒಬ್ಬ ಸಾಕ್ಷಿಯೂ ಕಟಕಟೆ ಹತ್ತುವ ಮೊದಲೇ ವಾದಪತ್ರ ತಿರಸ್ಕಾರವಾಯಿತು.

ಅತ್ತೆಗೆ ಆದ ಅನ್ಯಾಯ ನಿಜ. ಕಾಗದದ ಮೇಲೆ ಅದು ಕಾಣಲಿಲ್ಲ. ವಕೀಲರೊಬ್ಬರದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಾವು ಅವರ ಮುಂದೆ ಕೂತು ಹೇಳಿದ್ದೂ ಹಾಗೇ: ‘ಎಲ್ಲಾ ಸೇರಿಕೊಂಡು ಮೋಸ ಮಾಡಿದ್ರು ಸಾರ್.’ ಹೊಟ್ಟೆ ಉರಿಯುವಾಗ ಬಾಯಿಗೆ ಬರುವುದು ಅದೇ ಮಾತು ಅಲ್ವಾ? ಆ ಮಾತನ್ನು ಕೋರ್ಟು ಕೇಳುವ ಮಾತಾಗಿ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನಿಮ್ಮ ಪ್ರಕರಣಕ್ಕೆ ವಕೀಲರು ಬೇಕೇ ಬೇಕು. ಆದರೆ ಅವರ ಹತ್ತಿರ ಹೋಗುವ ಮೊದಲು ಈ ಕೆಲಸ ನೀವು ಮಾಡಿಕೊಂಡರೆ ಅರ್ಧ ದಾರಿ ಸಾಗಿದ ಹಾಗೆ.

ಸಿವಿಲ್ ಒಳಸಂಚು ಅಂದರೆ ಏನು?

ಪೊಲೀಸ್ ಠಾಣೆಯ ಒಳಸಂಚು ಬೇರೆ, ಸಿವಿಲ್ ಕೋರ್ಟಿನ ಒಳಸಂಚು ಬೇರೆ. ಕ್ರಿಮಿನಲ್ ಒಳಸಂಚು ಮೊದಲು ಐಪಿಸಿ 120ಬಿ ಅಡಿ ಬರುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 61ನೇ ಕಲಮಿನಲ್ಲಿದೆ. ಅಪರಾಧ ಎಸಗಲು ಇಬ್ಬರು ಕೂತು ಒಪ್ಪಂದ ಮಾಡಿಕೊಂಡದ್ದೇ ಅಲ್ಲಿ ತಪ್ಪು. ಸಿವಿಲ್‌ನಲ್ಲಿ ಹಾಗಲ್ಲ. ಒಪ್ಪಂದ ಇತ್ತು, ಅದರಂತೆ ಏನೋ ಒಂದು ಕೆಲಸ ಮಾಡಿದರು, ಆ ಕೆಲಸದಿಂದ ನನಗೆ ನಷ್ಟವಾಯಿತು ಅನ್ನುವ ಮೂರೂ ಬೇಕು. ನಷ್ಟ ಇಲ್ಲದಿದ್ದರೆ ದಾವೆಯೂ ಇಲ್ಲ.

ಈ ವಿಚಾರ ನಮಗೆ ಇಂಗ್ಲೆಂಡಿನ ಕೋರ್ಟುಗಳಿಂದ ಬಂದದ್ದು. ಅಲ್ಲಿಯ ಎರಡು ಹಳೆಯ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಚೀನಾದಿಂದ ಚಹಾ ಸಾಗಿಸುತ್ತಿದ್ದ ಹಡಗು ಕಂಪನಿಗಳು ಕೂಟ ಕಟ್ಟಿಕೊಂಡು, ಬಾಡಿಗೆ ಇಳಿಸಿ, ಹೊರಗಿನ ಮೊಗಲ್ ಎಂಬ ಕಂಪನಿಯನ್ನು ವ್ಯಾಪಾರದಿಂದ ಓಡಿಸಿದವು. 1891ರಲ್ಲಿ ಅಲ್ಲಿಯ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಮೊಗಲ್ ಕಂಪನಿಯ ಕೈ ಹಿಡಿಯಲಿಲ್ಲ. ಅವರು ಸೇರಿಕೊಂಡದ್ದು ತಮ್ಮ ವ್ಯಾಪಾರ ಬೆಳೆಸಲು, ಕಾನೂನುಬಾಹಿರ ಕೆಲಸ ಮಾಡಿಲ್ಲ ಅಂದಿತು. ಹತ್ತು ವರ್ಷದ ನಂತರ, 1901ರಲ್ಲಿ, ಐರ್ಲೆಂಡಿನ ಲಿಸ್ಬರ್ನ್ ಊರಿನ ಒಬ್ಬ ಮಾಂಸದ ವ್ಯಾಪಾರಿಯ ಪ್ರಕರಣ ಬಂತು. ಸಂಘದ ಸದಸ್ಯರಲ್ಲದ ಆಳುಗಳನ್ನು ಕೆಲಸಕ್ಕಿಟ್ಟುಕೊಂಡಿದ್ದಾನೆ ಅಂತ ಸಂಘದವರು ಅವನ ಗಿರಾಕಿಯನ್ನೇ ಹೆದರಿಸಿ ವ್ಯಾಪಾರ ನಿಲ್ಲಿಸಿದ್ದರು. ‘ಅವರ ಸಂಘದ ಶುಲ್ಕ ನಾನೇ ಕಟ್ಟುತ್ತೇನೆ, ಸೇರಿಸಿಕೊಳ್ಳಿ’ ಅಂತ ಆತ ಕೇಳಿಕೊಂಡರೂ ಬಿಡಲಿಲ್ಲ. ಇಲ್ಲಿ ವ್ಯಾಪಾರಿ ಗೆದ್ದ. ಅವರು ಸೇರಿಕೊಂಡದ್ದೇ ಅವನಿಗೆ ಹಾನಿ ಮಾಡಲು ಅಂತ ಕೋರ್ಟು ನೋಡಿತು.

ಹಾಗಾಗಿ ಇದರಲ್ಲಿ ಎರಡು ಬಗೆ. ಒಂದು, ದಾರಿ ಕಾನೂನಿನ ಒಳಗೇ ಇದ್ದರೂ ಮುಖ್ಯ ಉದ್ದೇಶವೇ ಹಾನಿ ಮಾಡುವುದು. ಇನ್ನೊಂದು, ಹಿಡಿದ ದಾರಿಯೇ ಕಾನೂನುಬಾಹಿರ. ಮೊದಲನೆಯದನ್ನು ಸಾಬೀತು ಮಾಡುವುದು ಬಹಳ ಕಷ್ಟ. 1976ರ ರೋಹ್ತಾಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಕೂಡ ಮುಷ್ಕರ ಹೂಡಿದ ಕಾರ್ಮಿಕರ ಮುಖ್ಯ ಉದ್ದೇಶ ಏನಾಗಿತ್ತು ಅಂತಲೇ ಕೇಳಿತು. ನಮ್ಮ ತಾಲೂಕು ಕೋರ್ಟುಗಳಿಗೆ ಬರುವುದು ಬಹುಪಾಲು ಎರಡನೇ ಬಗೆ: ಸುಳ್ಳು ಹೇಳಿ ಸಹಿ, ಖೊಟ್ಟಿ ವಂಶವೃಕ್ಷ, ಹಣ ಕೊಡದೆ ಕ್ರಯಪತ್ರ.

ಹಂತ 1: ‘ಶಾಮೀಲು’ ಪದ ಅಳಿಸಿ ಓದಿ

ಒಂದು ಹಾಳೆಯಲ್ಲಿ ನಿಮ್ಮ ಕಥೆ ಬರೆಯಿರಿ. ಆಮೇಲೆ ಶಾಮೀಲು, ಒಳಸಂಚು, ಕುತಂತ್ರ, ದುರುದ್ದೇಶ ಅನ್ನುವ ಪದಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದು ಹಾಕಿ. ಉಳಿದದ್ದನ್ನು ಓದಿ. ಅಲ್ಲಿ ಇನ್ನೂ ಒಂದು ತಪ್ಪು ಕೆಲಸ, ಅದನ್ನು ಮಾಡಿದ ಒಬ್ಬ ಮನುಷ್ಯ, ಅದರಿಂದ ನಿಮಗಾದ ಒಂದು ನಷ್ಟ ಕಾಣಿಸಿದರೆ ದಾವೆಗೆ ಬುನಾದಿ ಇದೆ. ಏನೂ ಉಳಿಯದಿದ್ದರೆ ನಿಮ್ಮ ಹತ್ತಿರ ಇರುವುದು ಅನುಮಾನ ಮಾತ್ರ.

ಎಷ್ಟೋ ಸಲ ಒಳಸಂಚಿನ ಮಾತೇ ಬೇಕಿರುವುದಿಲ್ಲ. ನಿಮ್ಮ ಸಹಿಯೇ ಇಲ್ಲದ ಪತ್ರದ ಮೂಲಕ ಅಣ್ಣ ಒಟ್ಟು ಕುಟುಂಬದ ಜಮೀನು ಮಾರಿದ್ದಾನೆ ಅಂದುಕೊಳ್ಳಿ. ಪಾಲು ಕೇಳಿ, ಆ ಕ್ರಯ ನನ್ನ ಹಿಸ್ಸೆಗೆ ಬಂಧನಕಾರಿಯಲ್ಲ ಅಂತ ಹೇಳಿದರೆ ಸಾಕಾಗಬಹುದು. ಕೊಂಡವನು, ಸಾಕ್ಷಿ ಹಾಕಿದವನು, ಪತ್ರ ಬರೆದವನು ಎಲ್ಲರೂ ಸಂಚುಗಾರರು ಅಂತ ಸೇರಿಸಿದರೆ ಅಷ್ಟನ್ನೂ ವಿವರಿಸುವ ಹೊರೆ ನಿಮ್ಮ ತಲೆಗೆ ಬರುತ್ತದೆ. ಬೇಡದ ಹೊರೆ ಹೊರಬೇಡಿ.

ಹಂತ 2: ತಾರೀಖಿನ ಪಟ್ಟಿ ಮಾಡಿ, ದಾಖಲೆ ತೆಗೆಸಿ

ನೆನಪನ್ನು ನಂಬಿ ಕೂರಬೇಡಿ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ. ಅದರಲ್ಲಿ ಕಾಣುವ ಪ್ರತಿ ನೋಂದಣಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಜಮೀನಾದರೆ ಭೂಮಿ ತಂತ್ರಾಂಶದಿಂದ ಪಹಣಿ ಮತ್ತು ಮ್ಯುಟೇಶನ್ ದಾಖಲೆ ತೆಗೆಸಿ. ನಕಲು ಕೈಗೆ ಬಂದಾಗ ಇವನ್ನು ನೋಡಿ: ಬರೆದುಕೊಟ್ಟವರು ಯಾರು, ಗುರುತಿಸಿದವರು ಯಾರು, ಸಾಕ್ಷಿ ಯಾರು, ಹಣ ಯಾವ ರೂಪದಲ್ಲಿ ಕೊಟ್ಟೆವು ಅಂತ ಬರೆದಿದ್ದಾರೆ, ಚೆಕ್ ನಂಬರ್ ಏನು. ನಿಮ್ಮ ಪಾಸ್‌ಬುಕ್ ಪಕ್ಕದಲ್ಲಿಟ್ಟು ತಾಳೆ ಹಾಕಿ.

ಅತ್ತೆಯ ವಿಷಯದಲ್ಲಿ ಬೆಳಕು ಬಂದದ್ದು ಇಲ್ಲಿಂದಲೇ. ಜಿಪಿಎಗೆ ಸಾಕ್ಷಿ ಹಾಕಿದ್ದವನೇ ಕ್ರಯಪತ್ರಕ್ಕೂ ಸಾಕ್ಷಿ ಹಾಕಿದ್ದ. ಮೊದಲ ದಾವೆ ಹಾಕುವಾಗ ಆ ಎರಡು ನಕಲುಗಳನ್ನು ನಾವು ಒಟ್ಟಿಗೆ ಇಟ್ಟು ನೋಡಿಯೇ ಇರಲಿಲ್ಲ.

ವಾಟ್ಸಾಪ್ ಮಾತುಕತೆ, ಕರೆಯ ಧ್ವನಿಮುದ್ರಣ ಇದ್ದರೆ ಅಳಿಸಬೇಡಿ, ಫೋನನ್ನೂ ಮಾರಬೇಡಿ. ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ ಅಂತ ವಕೀಲರಿಗೆ ಈಗಲೇ ನೆನಪಿಸಿ.

ಹಂತ 3: ಒಬ್ಬೊಬ್ಬರ ಪಾತ್ರ ಬೇರೆ ಬೇರೆ ಬರೆಯಿರಿ

ದಾವೆ ನಿಲ್ಲುವುದು ಬೀಳುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 6 ನಿಯಮ 4 ಒಂದು ಮಾತು ಹೇಳುತ್ತದೆ. ವಂಚನೆ, ತಪ್ಪು ನಿರೂಪಣೆ, ಅನುಚಿತ ಪ್ರಭಾವ, ನಂಬಿಕೆ ದ್ರೋಹ ಇವನ್ನು ಹೇಳುವುದಾದರೆ ವಿವರ ಕೊಡಬೇಕು, ಬೇಕಾದಲ್ಲಿ ತಾರೀಖುಗಳ ಸಮೇತ. ಒಳಸಂಚು ಅನ್ನುವ ಪದ ಅಲ್ಲಿಲ್ಲ. ಆದರೆ ವಿವರ ಅಗತ್ಯವಿರುವ ಬೇರೆ ಪ್ರಕರಣಗಳಿಗೂ ಆ ನಿಯಮ ಅನ್ವಯ. ಎಷ್ಟೇ ಜೋರಾದ ಪದ ಬಳಸಿದರೂ ಬರೀ ಸಾಮಾನ್ಯ ಆರೋಪ ವಂಚನೆಯ ವಾದವಾಗುವುದಿಲ್ಲ ಅಂತ ಸುಪ್ರೀಂ ಕೋರ್ಟು 1951ರಲ್ಲೇ ಬಿಷುನ್‌ದೇವ್ ನಾರಾಯಣ್ ಪ್ರಕರಣದಲ್ಲಿ ಹೇಳಿದೆ.

ನಮ್ಮ ವಾದಪತ್ರಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ:

‘ಪ್ರತಿವಾದಿಗಳು ಪರಸ್ಪರ ಶಾಮೀಲಾಗಿ, ವಾದಿಯ ಆಸ್ತಿಯನ್ನು ಕಬಳಿಸುವ ದುರುದ್ದೇಶದಿಂದ ಖೊಟ್ಟಿ ದಾಖಲೆಗಳನ್ನು ಸೃಷ್ಟಿಸಿರುತ್ತಾರೆ.’

ಇದರಲ್ಲಿ ಕೋಪ ಇದೆ, ಸಂಗತಿ ಇಲ್ಲ. ಅದನ್ನೇ ಹೀಗೆ ಬರೆದು ನೋಡಿ (ತಾರೀಖು, ಸಂಬಂಧಗಳು ಮಾದರಿಗಾಗಿ):

‘10-03-2021ರಂದು 1ನೇ ಪ್ರತಿವಾದಿಯು ಖಾತೆ ಬದಲಾವಣೆಗೆ ಸಹಿ ಬೇಕೆಂದು ಹೇಳಿ ವಾದಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದರು. ಪತ್ರವನ್ನು ವಾದಿಗೆ ಓದಿ ಹೇಳಲಿಲ್ಲ. ಅದು ಜಿಪಿಎ ಆಗಿತ್ತು. 3ನೇ ಪ್ರತಿವಾದಿ ಅದಕ್ಕೆ ಸಾಕ್ಷಿ ಹಾಕಿದರು. 9 ದಿನಗಳ ನಂತರ, 19-03-2021ರಂದು, 1ನೇ ಪ್ರತಿವಾದಿಯು ಆ ಜಿಪಿಎ ಆಧಾರದಲ್ಲಿ 2ನೇ ಪ್ರತಿವಾದಿಗೆ ಕ್ರಯಪತ್ರ ಬರೆದುಕೊಟ್ಟರು. 2ನೇ ಪ್ರತಿವಾದಿ 1ನೇ ಪ್ರತಿವಾದಿಯ ಭಾವಮೈದುನ. ಇದಕ್ಕೂ 3ನೇ ಪ್ರತಿವಾದಿಯೇ ಸಾಕ್ಷಿ. ಪತ್ರದಲ್ಲಿ ಕಾಣಿಸಿದ ಹಣದಲ್ಲಿ ಒಂದು ರೂಪಾಯಿಯೂ ವಾದಿಗೆ ಬಂದಿಲ್ಲ. ಅಂದಿನಿಂದ ಇಂದಿನವರೆಗೆ ಜಮೀನು ವಾದಿಯ ಸ್ವಾಧೀನದಲ್ಲೇ ಇದೆ. ಈ ಸಂಗತಿಗಳಿಂದ ಮೂವರೂ ಶಾಮೀಲಾಗಿದ್ದರು ಎಂಬುದು ಕಾಣುತ್ತದೆ.’

ಶಾಮೀಲು ಅನ್ನುವ ಪದ ಕೊನೆಯಲ್ಲಿ ಒಂದೇ ಸಲ ಬಂತು. ಅಷ್ಟು ಹೊತ್ತಿಗೆ ಓದುವವರಿಗೇ ಅದು ಹೊಳೆದಿರುತ್ತದೆ. ಸಂಚು ಮಾಡುವವರು ಬಾಂಡ್ ಪೇಪರ್ ಮೇಲೆ ಬರೆದಿಟ್ಟು ಮಾಡುವುದಿಲ್ಲ. ಅದು ಕೋರ್ಟಿಗೂ ಗೊತ್ತು. ಅದಕ್ಕೇ ಸುತ್ತಲಿನ ಸಂಗತಿಗಳಿಂದ ಅದನ್ನು ಊಹಿಸಲು ಅವಕಾಶವಿದೆ. ಆದರೆ ಆ ಸಂಗತಿಗಳನ್ನು ನೀವೇ ಮುಂದಿಡಬೇಕು.

ಇನ್ನೊಂದು ಎಚ್ಚರ. ವಾದಪತ್ರದಲ್ಲಿ ಬರೆಯಬೇಕಾದ್ದು ಸಂಗತಿ, ಸಾಕ್ಷ್ಯ ಅಲ್ಲ. ಪೂರ್ತಿ ಸಂಭಾಷಣೆ, ಅಕ್ಕಪಕ್ಕದವರು ಹೇಳಿದ್ದು, ಹಳೇ ಜಗಳ ಎಲ್ಲ ತುರುಕಬೇಡಿ. ಹಾಗೆಯೇ ಕೋಪಕ್ಕೆ ಯಾರನ್ನೋ ಪ್ರತಿವಾದಿ ಮಾಡಬೇಡಿ. ಪ್ರತಿ ಪ್ರತಿವಾದಿಯ ಹೆಸರಿನ ಮುಂದೆ ‘ಇವರು ಮಾಡಿದ ಕೆಲಸ’ ಅಂತ ಒಂದು ವಾಕ್ಯ ಬರೆಯಲು ಆಗದಿದ್ದರೆ ಆ ಹೆಸರನ್ನು ಬಿಟ್ಟುಬಿಡಿ. ಆದರೆ ಆಸ್ತಿ ಈಗ ಯಾರ ಹೆಸರಿನಲ್ಲಿದೆಯೋ ಅವರನ್ನು ಬಿಡುವ ಹಾಗಿಲ್ಲ. ಅವರು ಸಂಚಿನಲ್ಲಿ ಇಲ್ಲದಿದ್ದರೂ ಪ್ರತಿವಾದಿ ಆಗಲೇಬೇಕು.

ಹಂತ 4: ‘ನನಗೆ ಗೊತ್ತಾದದ್ದು ಯಾವತ್ತು?’

ಪತ್ರ ರದ್ದು ಮಾಡಿಸುವ ದಾವೆಗೆ ಕಾಲಮಿತಿ 3 ವರ್ಷ. ವಂಚನೆ ನಡೆದಿದ್ದರೆ ಕಾಲಮಿತಿ ಕಾಯ್ದೆಯ 17ನೇ ಕಲಮು ನಿಮ್ಮ ನೆರವಿಗೆ ಬರುತ್ತದೆ. ವಂಚನೆ ಗೊತ್ತಾದ ದಿನದಿಂದ, ಅಥವಾ ತಕ್ಕಷ್ಟು ಎಚ್ಚರದಿಂದ ಇದ್ದಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಲೆಕ್ಕ ಶುರು. ಎರಡನೇ ಭಾಗವನ್ನು ಬಹಳ ಜನ ಮರೆಯುತ್ತಾರೆ.

ಬಿಹಾರದ ರಾಘವೇಂದ್ರ ಶರಣ್ ಸಿಂಗ್ ಪ್ರಕರಣದಲ್ಲಿ 1981ರ ನೋಂದಾಯಿತ ದಾನಪತ್ರವನ್ನು 2003ರಲ್ಲಿ ಪ್ರಶ್ನೆ ಮಾಡಿದ್ದರು. 2019ರಲ್ಲಿ ಸುಪ್ರೀಂ ಕೋರ್ಟು ಆ ವಾದಪತ್ರವನ್ನೇ ತಿರಸ್ಕರಿಸಿತು. ಗುಜರಾತಿನ ದಾಹಿಬೆನ್ ಪ್ರಕರಣ ಇನ್ನೂ ಕಣ್ಣು ತೆರೆಸುವಂಥದ್ದು. 2009ರ ಜುಲೈನಲ್ಲಿ ಕ್ರಯಪತ್ರ. ಒಪ್ಪಿದ ಬೆಲೆ 1 ಕೋಟಿ 74 ಲಕ್ಷ ರೂಪಾಯಿಗೂ ಮೇಲೆ. ಕೈಗೆ ಬಂದದ್ದು 40,000 ಮಾತ್ರ ಅಂತ ಮಾರಿದವರ ದೂರು. ಆದರೆ ದಾವೆ ಹಾಕಿದ್ದು 2014ರ ಡಿಸೆಂಬರಿನಲ್ಲಿ. ಹಣ ಬಂದಿಲ್ಲ ಅನ್ನುವುದು ನಿಮಗೆ 2009ರಲ್ಲೇ ಗೊತ್ತಿರಬೇಕಲ್ಲ ಅಂತ ಕೋರ್ಟು ಕೇಳಿತು. 2020ರಲ್ಲಿ ಅದೂ ವಿಚಾರಣೆಯಿಲ್ಲದೆ ಮುಗಿಯಿತು.

ಹಾಗಾಗಿ ‘ಇತ್ತೀಚೆಗೆ ತಿಳಿದುಬಂತು’ ಅಂತ ಬರೆಯಬೇಡಿ. ಯಾವ ದಿನ, ಯಾವ ಕಾಗದ ನೋಡಿದಾಗ, ಯಾರು ಹೇಳಿದಾಗ ಗೊತ್ತಾಯಿತು ಅಂತ ಬರೆಯಿರಿ. ಅಲ್ಲಿಯವರೆಗೆ ಯಾಕೆ ಗೊತ್ತಾಗಲಿಲ್ಲ ಅನ್ನುವುದನ್ನೂ ಸೇರಿಸಿ. ಜಮೀನು ನೀವೇ ಉಳುತ್ತಿದ್ದಿರಿ, ಪಹಣಿ ಬದಲಾಗಿರಲಿಲ್ಲ ಅನ್ನುವುದು ಒಳ್ಳೆಯ ಕಾರಣ, ನಿಜವಾಗಿದ್ದರೆ ಮಾತ್ರ. ತಾರೀಖನ್ನು ಕಟ್ಟಿ ಬರೆದರೆ ಪಾಟೀಸವಾಲಿನಲ್ಲಿ ದಾವೆಯೇ ಕುಸಿಯುತ್ತದೆ.

ಹಂತ 5: ಎರಡು ಸಣ್ಣ ಗುಂಡಿಗಳು

ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರ್, ಸಬ್ ರಿಜಿಸ್ಟ್ರಾರ್ ಕೂಡ ಶಾಮೀಲು ಅಂತ ಸೇರಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅವರು ಹುದ್ದೆಯ ಕೆಲಸವಾಗಿ ಮಾಡಿದ್ದನ್ನು ಪ್ರಶ್ನಿಸಿ ದಾವೆ ಹಾಕಬೇಕಾದರೆ ಸಿಪಿಸಿ 80ನೇ ಕಲಮಿನ ಪ್ರಕಾರ 2 ತಿಂಗಳ ನೋಟಿಸ್ ಕೊಡಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ಎರಡೂ ಇಲ್ಲದಿದ್ದರೆ ಎದುರಿನವರಿಗೆ ಸುಮ್ನೆ ಒಂದು ಅಸ್ತ್ರ ಕೊಟ್ಟ ಹಾಗೆ.

ಎರಡನೆಯದು ಕೋರ್ಟ್ ಶುಲ್ಕ. ಪತ್ರ ಬರೆದುಕೊಟ್ಟವರೇ ಅದನ್ನು ಪ್ರಶ್ನಿಸುವುದಾದರೆ ರದ್ದತಿ ಕೇಳಬೇಕು, ಪತ್ರಕ್ಕೆ ಹೊರಗಿನವರು ಘೋಷಣೆ ಕೇಳಿದರೆ ಸಾಕು ಅಂತ 2010ರ ಸುಹೃದ್ ಸಿಂಗ್ ತೀರ್ಪು ವಿಂಗಡಿಸಿದೆ. ಶುಲ್ಕದ ಲೆಕ್ಕ ಅದರ ಮೇಲೆ ನಿಲ್ಲುತ್ತದೆ. ಕಡಿಮೆ ಕಟ್ಟಿದ್ದರೆ ಸರಿಪಡಿಸಲು ಕೋರ್ಟು ಸಮಯ ಕೊಡುತ್ತದೆ. ಆ ದಿನವನ್ನು ತಪ್ಪಿಸಬೇಡಿ. ಹಣದ ತೊಂದರೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ.

ನೀವೇ ಪ್ರತಿವಾದಿ ಆಗಿದ್ದರೆ

ಸುಳ್ಳು ಸಂಚಿನ ದಾವೆಗಳೂ ಬರುತ್ತವೆ. ಯಾವತ್ತೋ ಸಾಕ್ಷಿ ಹಾಕಿದ ತಪ್ಪಿಗೆ ವರ್ಷಗಟ್ಟಲೆ ತಾರೀಖಿಗೆ ಅಲೆದವರನ್ನು ನಾನು ನೋಡಿದ್ದೇನೆ. ಅಂಥವರಿಗೆ ಸಿಪಿಸಿ ಆದೇಶ 7 ನಿಯಮ 11 ಇದೆ. ಕೋರ್ಟಿನಲ್ಲಿ ಎಲ್ಲರೂ ‘ಸೆವೆನ್ ಇಲೆವೆನ್’ ಅಂತಲೇ ಅನ್ನುತ್ತಾರೆ. ವಾದಪತ್ರದಲ್ಲಿ ದಾವೆಗೆ ಕಾರಣವೇ ಕಾಣದಿದ್ದರೆ, ಅಥವಾ ಅದನ್ನು ಓದಿದಾಗಲೇ ಕಾನೂನಿನ ತಡೆ ಇದೆ ಅಂತ ಗೊತ್ತಾದರೆ ತಿರಸ್ಕರಿಸಿ ಅಂತ ಮಧ್ಯಂತರ ಅರ್ಜಿ ಹಾಕಬಹುದು.

ಇದರ ಬಗ್ಗೆ ಹೆಚ್ಚು ಉಲ್ಲೇಖವಾಗುವ ತೀರ್ಪುಗಳಲ್ಲೊಂದು ನಮ್ಮ ಬೆಂಗಳೂರಿನಿಂದ ಹೋದದ್ದು. ಕಟ್ಟಡ ಖಾಲಿ ಮಾಡಬೇಕು ಅನ್ನುವ ಆದೇಶ ಹೈಕೋರ್ಟಿನವರೆಗೂ ಹೋಗಿ ಖಾಯಂ ಆಗಿತ್ತು. ಆಮೇಲೆ ಬಾಡಿಗೆದಾರನ ಮಗ ಬೆಂಗಳೂರಿನ ಮುನ್ಸಿಫ್ ಕೋರ್ಟಿನಲ್ಲಿ ಹೊಸ ದಾವೆ ಹಾಕಿದ. ಆ ಆದೇಶವನ್ನು ವಂಚನೆ ಮತ್ತು ಶಾಮೀಲಿನಿಂದ ಪಡೆದಿದ್ದಾರೆ ಅನ್ನುವುದು ಅವನ ವಾದ. ಇದು 1977ರ ಟಿ. ಅರಿವಂದಂದಂ ಪ್ರಕರಣ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ವಿಚಾರಣಾ ನ್ಯಾಯಾಧೀಶರಿಗೆ ಖಡಾಖಂಡಿತವಾಗಿ ಹೇಳಿದರು: ವಾದಪತ್ರದ ಅಕ್ಷರ ನೋಡಬೇಡಿ, ಅರ್ಥ ನೋಡಿ. ಜಾಣ ಬರವಣಿಗೆಯಿಂದ ದಾವೆಗೆ ಕಾರಣ ಇದ್ದಂತೆ ಭ್ರಮೆ ಹುಟ್ಟಿಸಿದ್ದರೆ ಮೊದಲ ದಿನವೇ ಕಕ್ಷಿದಾರನನ್ನು ಆದೇಶ 10ರ ಅಡಿ ಪ್ರಶ್ನಿಸಿ ಬುಡದಲ್ಲೇ ಚಿವುಟಿ.

ಅರ್ಜಿ ಹಾಕುವಾಗ ಮೂರು ವಿಷಯ ಗಮನದಲ್ಲಿಡಿ. ಕೋರ್ಟು ನೋಡುವುದು ವಾದಪತ್ರ ಮತ್ತು ಅದರ ಜೊತೆ ವಾದಿ ಹಾಜರುಪಡಿಸಿದ ದಾಖಲೆಗಳನ್ನು ಮಾತ್ರ. ನಿಮ್ಮ ಲಿಖಿತ ಹೇಳಿಕೆ (ವಾದಪತ್ರಕ್ಕೆ ಪ್ರತಿವಾದಿ ಕೊಡುವ ಉತ್ತರ) ಈ ಹಂತದಲ್ಲಿ ಲೆಕ್ಕಕ್ಕಿಲ್ಲ ಅಂತ 2003ರ ಸಲೀಂ ಭಾಯಿ ತೀರ್ಪು ಹೇಳಿದೆ. ‘ಅವರು ಹೇಳಿದ್ದು ಸುಳ್ಳು’ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ‘ಅವರು ಹೇಳಿದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡರೂ ನನ್ನ ಮೇಲೆ ದಾವೆ ಹುಟ್ಟುವುದಿಲ್ಲ’ ಅನ್ನುವುದು ನಡೆಯುತ್ತದೆ. ಎರಡನೆಯದಾಗಿ, ವಾದಪತ್ರವನ್ನು ಅರ್ಧ ತಿರಸ್ಕರಿಸಲು ಬರುವುದಿಲ್ಲ. 2017ರ ಸೇಜಲ್ ಗ್ಲಾಸ್ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಐದು ಜನರಲ್ಲಿ ನಿಮ್ಮೊಬ್ಬರ ಮೇಲೆ ಏನೂ ಹೇಳಿಲ್ಲ ಅಂದರೆ ನೀವು ಕೇಳಬೇಕಾದ್ದು ಆದೇಶ 1 ನಿಯಮ 10(2)ರಡಿ ಹೆಸರು ಕೈಬಿಡುವಂತೆ. ಬರೀ ಅವಹೇಳನದ ಪ್ಯಾರಾಗಳನ್ನು ತೆಗೆಸಲು ಆದೇಶ 6 ನಿಯಮ 16 ಇದೆ. ಮೂರನೆಯದಾಗಿ, ಈ ಅರ್ಜಿಯನ್ನು ಯಾವ ಹಂತದಲ್ಲಾದರೂ ಹಾಕಬಹುದು. ಆದರೆ ಅರ್ಜಿ ಇದೆ ಅಂತ ಲಿಖಿತ ಹೇಳಿಕೆಯನ್ನು ತಡಮಾಡಬೇಡಿ. ಸಮನ್ಸ್ ತಲುಪಿದ 30 ದಿನ, ಕೋರ್ಟು ವಿಸ್ತರಿಸಿದರೆ 90 ದಿನ. ಆ ಗಡಿಯಾರ ಓಡುತ್ತಲೇ ಇರುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ಪಾಲುದಾರಿಕೆ ಮುರಿದುಬಿದ್ದಾಗ ಅಲ್ಲೂ ಇಂಥ ದಾವೆ ಹಾಕುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಸಂಚು ತಾನಾಗಿ ನಿಲ್ಲುವುದಿಲ್ಲ. ಅದರ ಕೆಳಗೆ ವಂಚನೆಯಂಥ ಇನ್ನೊಂದು ತಪ್ಪು ಇರಬೇಕು. ಫೆಡರಲ್ ಕೋರ್ಟಿನಲ್ಲಿ 2007ರ ಟ್ವಾಂಬ್ಲಿ ತೀರ್ಪು ನೋಡಬೇಕು. ಟೆಲಿಫೋನ್ ಕಂಪನಿಗಳು ಒಂದೇ ರೀತಿ ನಡೆದುಕೊಂಡವು ಅಂತ ಹೇಳಿದರೆ ಸಾಲದು, ಅವು ಒಪ್ಪಂದ ಮಾಡಿಕೊಂಡಿದ್ದವು ಅಂತ ನಂಬುವಂತೆ ಮಾಡುವ ಸಂಗತಿ ದೂರಿನಲ್ಲೇ ಇರಬೇಕು ಅಂದಿತು ಅಲ್ಲಿಯ ಸುಪ್ರೀಂ ಕೋರ್ಟು. ಆ ಪ್ರಕರಣ ಸ್ಪರ್ಧಾ ಕಾನೂನಿನದು. 2009ರ ಇಕ್ಬಾಲ್ ತೀರ್ಪು ಅದೇ ಅಳತೆಯನ್ನು ಫೆಡರಲ್ ಕೋರ್ಟಿನ ಎಲ್ಲ ಸಿವಿಲ್ ದಾವೆಗಳಿಗೂ ವಿಸ್ತರಿಸಿತು.

ವಾದಪತ್ರ ತಿರಸ್ಕಾರ ಆಗಿಬಿಟ್ಟರೆ

ಮೊದಲು ಆದೇಶದ ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕಿ. ತಿರಸ್ಕಾರವನ್ನು ಕಾನೂನು ಡಿಕ್ರಿ (ದಾವೆಯಲ್ಲಿ ಕೋರ್ಟಿನ ತೀರ್ಮಾನ) ಅಂತಲೇ ಪರಿಗಣಿಸುತ್ತದೆ. ಹಾಗಾಗಿ ಸಿಪಿಸಿ 96ನೇ ಕಲಮಿನಡಿ ಮೇಲ್ಮನವಿ ಹೋಗಬಹುದು. ‘ಸೆವೆನ್ ಇಲೆವೆನ್’ ಅರ್ಜಿಯೇ ವಜಾ ಆಗಿ ದಾವೆ ಮುಂದುವರಿದರೆ ಪ್ರತಿವಾದಿ ಹೈಕೋರ್ಟಿಗೆ ರಿವಿಷನ್ (ಮರುಪರಿಶೀಲನೆ) ಹೋಗಬಹುದು.

ಮೇಲ್ಮನವಿ ಒಂದೇ ದಾರಿ ಅಲ್ಲ. ಆದೇಶ 7 ನಿಯಮ 13ರ ಪ್ರಕಾರ ಅದೇ ದಾವೆಗೆ ಕಾರಣದ ಮೇಲೆ ಹೊಸ ವಾದಪತ್ರ ಹಾಕಲು ತಡೆಯಿಲ್ಲ. ವಿಚಾರಣೆ ನಡೆದು ವಜಾ ಆದ ದಾವೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಆದರೆ ಕಾಲಮಿತಿ ಇನ್ನೂ ಉಳಿದಿರಬೇಕು. ತಿರಸ್ಕಾರಕ್ಕೆ ಕಾರಣ ವಿವರದ ಕೊರತೆಯಾಗಿದ್ದು, 3 ವರ್ಷ ಇನ್ನೂ ಮುಗಿದಿಲ್ಲ ಅಂದರೆ ಹೊಸ ವಾದಪತ್ರವೇ ಮೇಲು ಅಂತ ನನ್ನ ಅನಿಸಿಕೆ. ಕಾಲಮಿತಿಯ ಕಾರಣಕ್ಕೇ ತಿರಸ್ಕಾರ ಆಗಿದ್ದರೆ, ಆ ದಿನಾಂಕದ ವಿವರ ನಿಮ್ಮ ಹತ್ತಿರ ಇದೆಯೇ ಅಂತ ನೋಡಿ ವಕೀಲರ ಜೊತೆ ಕೂತು ತೀರ್ಮಾನಿಸಿ.

ಅತ್ತೆಗೆ ಉಳಿದಿದ್ದದ್ದು ಏಳು ತಿಂಗಳು. ಮೇಲ್ಮನವಿ ಬೇಡ ಅಂತ ನಿರ್ಧರಿಸಿದೆವು. ನಾಲ್ಕು ಭಾನುವಾರ ಅವರ ಅಡುಗೆಮನೆಯಲ್ಲಿ ಕೂತು, ಎಲ್ಲ ನಕಲುಗಳನ್ನು ನೆಲದ ಮೇಲೆ ಹರಡಿ ತಾರೀಖು ಜೋಡಿಸಿದೆವು. ಋಣಭಾರ ಪತ್ರ ಕೈಗೆ ಬಂದ ದಿನ ಯಾವುದು ಅಂತ ರಸೀದಿಯಲ್ಲಿ ಸಿಕ್ಕಿತು. ಎರಡನೇ ವಾದಪತ್ರದಲ್ಲಿ ‘ಶಾಮೀಲಾಗಿ’ ಅನ್ನುವ ಪದ ಒಂದೇ ಸಲ ಇದೆ, 14ನೇ ಪ್ಯಾರಾದಲ್ಲಿ. ಪ್ರತಿವಾದಿಗಳು ಮತ್ತೆ ‘ಸೆವೆನ್ ಇಲೆವೆನ್’ ಅರ್ಜಿ ಹಾಕಿದರು. ಈ ಸಲ ಅದು ವಜಾ ಆಯಿತು. ದಾವೆ ಈಗ ಸಾಕ್ಷಿ ಹಂತದಲ್ಲಿದೆ. ಮುಂದಿನ ತಾರೀಖಿಗೆ ಅತ್ತೆಯ ಪಾಟೀಸವಾಲು.